ಗೋವಿಂದಪ್ಪನವರ ದುಭಾಷಿ

ಧಾರವಾಡದ ಕಾಲೇಜೊಂದರಲ್ಲಿ ನಾನು ವಿದೇಶಾಂಗ ನೀತಿ ಕಲಿಸುತ್ತೇನೆ. ಯಾವ ಒಪ್ಪಂದ ಯಾವ ವರ್ಷ ಮುರಿದುಬಿತ್ತು ಎಂದು ಬಾಯಿಪಾಠ ಒಪ್ಪಿಸಬಲ್ಲೆ. ಆದರೆ ಒಬ್ಬ ಹುಡುಗಿಯ ಅರ್ಜಿಯನ್ನು ನಮ್ಮದೇ ಕಚೇರಿಯ ಮೇಜಿನಿಂದ ಅಲುಗಾಡಿಸಲು ನನ್ನಿಂದಾಗಲಿಲ್ಲ.

ಅರ್ಜಿಯ ಬೆನ್ನು ಹತ್ತಿದವರು ಸಪ್ತಾಪುರದ ನಿವೃತ್ತ ಹವಾಲ್ದಾರ್ ಗೋವಿಂದಪ್ಪ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಒಂದು ವರ್ಷ ದಕ್ಷಿಣ ಸುಡಾನಿನಲ್ಲಿದ್ದವರು. ದನಕ್ಕಾಗಿ, ನೀರಿಗಾಗಿ ಬಂದೂಕು ಹಿಡಿದ ಎರಡು ಊರುಗಳ ಜೊತೆ ಇವರು ಮಾತಾಡುತ್ತಿದ್ದುದು ಮಜೋಕ್ ಎಂಬ ದುಭಾಷಿಯ ಬಾಯಿಂದ. ಒಂದು ದಿನ ಸಂಧಾನಕ್ಕೆಂದು ನಾಲ್ಕು ಹೆಜ್ಜೆ ಮುಂದೆ ಹೋದ ಮಜೋಕ್ ಗುಂಡು ತಗಲಿ ಸತ್ತ. ಅವನನ್ನು ಮಣ್ಣು ಮಾಡಿದವರು ಗೋವಿಂದಪ್ಪನವರೇ. ಈಗ ಅವನ ಮಗಳು ಅಯೇನ್‌ಗೆ ನಮ್ಮಲ್ಲಿ ಓದುವಾಸೆ. ಶುಕ್ರವಾರದೊಳಗೆ ಪ್ರವೇಶಪತ್ರ ಹೋಗದಿದ್ದರೆ ವೀಸಾ ಇಲ್ಲ, ಸೀಟೂ ಇಲ್ಲ.

ಗುಮಾಸ್ತ ಅಂಬರೀಷನದು ಏಳು ವಾರದಿಂದ ಒಂದೇ ರಾಗ.

"ತಂದಿ ಮರಣ ಪ್ರಮಾಣಪತ್ರ ಬೇಕ್ರಿ ಕಾಕಾ."

"ಆ ಊರಾಗ ಕಚೇರಿನ ಸುಟ್ಟ ಹೋಗೇತಿ, ಎಲ್ಲಿಂದ ತರ್ಲಿ? ಕುಣಿ ತೋಡಿದಾಂವ ನಾನ. ಬರದ ಕೊಡ್ತೇನಿ."

"ಬಾಯಿ ಮಾತು ನಡಿಯಂಗಿಲ್ರಿ. ಇಲ್ಲಾಂದ್ರ ತಂದಿ ಸಹಿನರ ಮಾಡಿಸ್ಕೊಂಡು ಬರ್ರಿ."

ಸತ್ತವನ ಸಹಿ! ನನಗೆ ಮೈಯೆಲ್ಲ ಉರಿಯಿತು. ಪ್ರಾಚಾರ್ಯ ಶಿವಯೋಗೀಶರ ಬಳಿ ಹೋದರೆ, "ಕಾರ್ಯಕ್ರಮ ಮುಗೀಲಿ, ನೋಡೋಣ್ರಿ" ಅಂದರು.

ಆ ಕಾರ್ಯಕ್ರಮವೋ, ಗುರುವಾರದ ಶಾಂತಿ ದಿನಾಚರಣೆ. ಮುಖ್ಯ ಅತಿಥಿ ಯಾರೆಂದರೆ ಇದೇ ಗೋವಿಂದಪ್ಪ! ಪ್ರಾಚಾರ್ಯರು ಹಾರ ಹಾಕಿದರು, ಶಾಲು ಹೊದಿಸಿದರು, 'ರಣರಂಗದಲ್ಲಿ ಶಾಂತಿ ಬಿತ್ತಿದ ಧೀರ' ಎಂದು ಅಚ್ಚು ಹಾಕಿಸಿದ ಅಭಿನಂದನಾ ಪತ್ರವನ್ನೂ ಕೈಗಿಟ್ಟರು. ಚಪ್ಪಾಳೆ ನಿಂತ ಮೇಲೆ ಗೋವಿಂದಪ್ಪ ಮೈಕಿನಲ್ಲೇ ಕೇಳಿದರು:

"ಸರ್, ನಾ ಅಲ್ಲಿಗೆ ಹೋಗಿದ್ನಿ ಅನ್ನಾಕ ಯಾವ ಕಾಗದ ನೋಡೀರಿ?"

ಪ್ರಾಚಾರ್ಯರು ನಕ್ಕರು. "ನಿಮ್ಮ ಮಾತ ಸಾಕಲ್ರಿ ನಮಗ."

"ಹಂಗಾರ ನಂದು ಇನ್ನೊಂದ ಮಾತು ನಂಬ್ರಿ. ಮಜೋಕ್ ಸತ್ತಾನ. ಈ ಶಾಲು ಅವಂಗ ಸಲ್ಲಬೇಕಾಗಿತ್ತು. ಅವನ ಮಗಳಿಗೆ ನೀವು ಏಳು ವಾರದಿಂದ ಬಾಗಲಾ ತಗೀವಲ್ರಿ."

ಪ್ರಾಚಾರ್ಯರ ಮುಖ ಕೆಂಪಗಾಯಿತು. ಅಂಬರೀಷನಿಂದ ಫೈಲು ತರಿಸಿ, ಗೋವಿಂದಪ್ಪನವರಿಂದ ಹೇಳಿಕೆ ಬರೆಸಿಕೊಂಡು, ವೇದಿಕೆಯ ಮೇಲೆಯೇ ಪ್ರವೇಶಪತ್ರಕ್ಕೆ ಸಹಿ ಹಾಕಿದರು. ಇದಕ್ಕೆ ಹಿಡಿದದ್ದು ಐದು ನಿಮಿಷ.

ಹೊರಗೆ ಬಂದವರೇ ಗೋವಿಂದಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಗಾಬರಿಯಾಗಿ ನೀರು ತಂದೆ.

"ಏನೂ ಆಗಿಲ್ರಿ ಮೇಡಂ," ಅಂದರು. "ಅವನ್ನ ಮಣ್ಣ ಮಾಡಿದ ದಿನ ಅಳಾಕ ಆಗಿರಲಿಲ್ಲ."