ಕಾಕಾನ ಬರೆ, ಡಾಕ್ಟರಮ್ಮನ ಸ್ಕ್ಯಾನ್

ಕಮಲಾಪುರದ ಕಾಕಾನ ತಲೆಯಲ್ಲಿ ಹುಳ ಬಿಟ್ಟವನು ನಾನೇ. ಯಾರನ್ನು ಕಂಡರೂ ಅವರ ಧ್ವನಿ ಕದಿಯುವ ಚಟ ನನಗೆ. ಕಲಬುರಗಿಯ ಸೇಡಂ ರಸ್ತೆಯ ಪಶುವೈದ್ಯೆಯನ್ನೂ ಬಿಡಲಿಲ್ಲ. ಕಾಕಾನ ನಾಯಿಯ ತೊಡೆಯಲ್ಲಿ ಕ್ಯಾನ್ಸರ್ ಗಡ್ಡೆಯಾಗಿತ್ತು. ಅವರು ಅದಕ್ಕೆ ಮಂಪರಿನ ಮದ್ದು ಕೊಟ್ಟು, ಸ್ಕ್ಯಾನ್ ಪರದೆ ನೋಡುತ್ತ ಗಡ್ಡೆಯೊಳಗೆ ಸೂಜಿ ಇಳಿಸಿ, ತುದಿ ಕಾಯಿಸಿ ಒಳಗಿನಿಂದಲೇ ಸುಟ್ಟಿದ್ದರು. ಗಡ್ಡೆ ಸತ್ತಿದೆಯೋ ಇಲ್ಲವೋ ಮೇಲಿನಿಂದ ತಿಳಿಯುವುದಿಲ್ಲ, ಸ್ಕ್ಯಾನ್ ಮಾಡಿಯೇ ನೋಡಬೇಕು, ಅಲ್ಲಿಯವರೆಗೆ ಮುಟ್ಟಬೇಡಿ ಎಂದಿದ್ದರು. ನಾನು ಕಾಕಾನ ಅಂಗಳದಲ್ಲಿ ಸಟ್ಟುಗ ಹಿಡಿದು, ಅವರ ಮೆತ್ತಗಿನ ದನಿಯಲ್ಲಿ, "ಬಿಸಿ ತಾಗಿದ್ರ ಸಾಕ್ರಿ, ಗಡ್ಡಿ ಖಲಾಸ್" ಎಂದು ನಾಟಕ ಆಡಿದೆ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ.

ವಾರ ಕಳೆದರೂ ಗಡ್ಡೆ ಕುಗ್ಗಲಿಲ್ಲ. ಎತ್ತಿಗೆ ಬಾವು ಬಂದರೆ ಬರೆ ಹಾಕಿಯೇ ರೂಢಿಯಾದ ಕಾಕಾ, ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನಾಯಿಯ ತೊಡೆಗೆ ಒತ್ತಿಬಿಟ್ಟ.

ನಾನು ಮತ್ತೆ ಹೋದಾಗ ವಾಸನೆಯೇ ಬಾಗಿಲಿಗೆ ಬಂದು ಬರಮಾಡಿಕೊಂಡಿತು. ಸುಟ್ಟ ಕೂದಲು, ಕೀವು, ಅದರ ಮೇಲೆ ಕಾಕಾ ಮೆತ್ತಿದ ಅರಿಶಿಣ, ಎಣ್ಣೆ. ಎಲ್ಲ ಕಲೆತು ಹಳದಿ ರಾಡಿ. ನೊಣಗಳು ಅಲ್ಲಿಂದೆದ್ದು ನೇರ ನನ್ನ ಚಹಾದ ಅಂಚಿಗೆ ಕೂತವು. ನಾಯಿ ಗಾಯ ನೆಕ್ಕಿದ ನಾಲಿಗೆಯಿಂದಲೇ ನನ್ನ ಕೈ ನೆಕ್ಕಿತು. ಕಾಕಾ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ. ಅವರು ಮೂಗು ಮುಚ್ಚಿಕೊಂಡೇ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದರು. ಅವರನ್ನು ಕಂಡೂ ಹೇಸಿಗೆಯಾಯಿತು, ಸಟ್ಟುಗ ಕುಣಿಸಿದ ನನ್ನನ್ನು ನೆನೆದೂ ಆಯಿತು.

ಕಾರಿನ ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಯಿಯನ್ನು ಕಲಬುರಗಿಗೆ ತಂದೆವು. ದಾರಿಯುದ್ದಕ್ಕೂ ಗಾಜು ಇಳಿಸು ಎಂದವನು ಕಾಕಾನೇ.

ಡಾಕ್ಟರಮ್ಮ ರಾಡಿ ತೊಳೆದರು. ಗಾಯ ತಪ್ಪಿಸಿ ಪಕ್ಕದಿಂದ ಸ್ಕ್ಯಾನ್ ಮಾಡಿ, ಪರದೆಯನ್ನು ನಮ್ಮತ್ತ ತಿರುಗಿಸಿದರು. ಸೂಜಿ ಸುಟ್ಟ ನಡುಭಾಗದಲ್ಲಿ ರಕ್ತದ ಸುಳಿವೇ ಇರಲಿಲ್ಲ, ಅದು ಸತ್ತಿತ್ತು. ತಳದ ಒಂದು ಅಂಚಿನಲ್ಲಿ ಮಾತ್ರ ಕೆಂಪು, ನೀಲಿ ಮಿನುಗುತ್ತಿತ್ತು. ಅಲ್ಲಿ ರಕ್ತ ಹರಿಯುತ್ತಿದೆ, ಗಡ್ಡೆ ಬದುಕಿದೆ ಎಂದರು. ಅಷ್ಟನ್ನು ಇವತ್ತೇ ಸುಡಬಹುದಿತ್ತು. ಈಗ ಕಾಕಾನ ಬರೆ ಮಾಯುವವರೆಗೆ ಸೂಜಿ ಇಳಿಸುವಂತಿಲ್ಲ. ಅಷ್ಟರೊಳಗೆ ಗಡ್ಡೆ ಬೆಳೆದರೆ ಕಾಲೇ ತೆಗೆಯಬೇಕಾದೀತು.

ನಾಯಿ ಮೇಜಿನ ಮೇಲೆ ನಡುಗುತ್ತಿತ್ತು. ಕಾಕಾ ಮಾತ್ರ ಜಗ್ಗಲಿಲ್ಲ.

"ನೀವೂ ಸುಟ್ರಿ, ನಾನೂ ಸುಟ್ಟೆ. ಫರಕ್ ಏನದರೀ ಅದರಾಗ?"

ಡಾಕ್ಟರಮ್ಮ ಕೈಗವಸು ಕಿತ್ತು ಬುಟ್ಟಿಗೆ ಎಸೆದರು.

"ನಾ ನೋಡಿ ಸುಟ್ಟೀನ್ರಿ, ಸುಟ್ಟ ಮ್ಯಾಲೂ ನೋಡೀನಿ. ನೀವು ಒಲಿ ಬಿಟ್ಟು ಮತ್ತೇನು ನೋಡೀರಿ?"