ಗಿರಿಜಕ್ಕೋರ ನಗು

ಗಿರಿಜಕ್ಕೋರು ನಕ್ಕರೆ ಶಿಕಾರಿಪುರದ ನಮ್ಮ ಹೆಣ್ಣುಮಕ್ಕಳ ಶಾಲೆಯ ಹೆಂಚು ಅಲುಗುತ್ತವೆ ಎಂದು ನಾವು ಟೀಚರುಗಳೆಲ್ಲ ತಮಾಷೆ ಮಾಡುತ್ತಿದ್ದೆವು. ಕುಳ್ಳಗೆ ದುಂಡಗಿದ್ದ ಹೆಂಗಸು. ನಗು ಬಂದರೆ ಮೊದಲು ಭುಜ ಕುಣಿಯುವುದು, ಆಮೇಲೆ ಹೊಟ್ಟೆ, ಕೊನೆಗೆ ದನಿ. ತೋಳದ ಪಾಠ ಬಂದರೆ ತಾವೇ ಊಳಿಡುವರು, ತಾವೇ ಮೊದಲು ನಗುವರು, ಮೂರನೇ ಕ್ಲಾಸಿನ ಹುಡುಗಿಯರು ಬಿದ್ದು ಬಿದ್ದು ನಗುವರು. ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಾನು ಹೋಗಿ ಗದರಿದರೆ, "ಯಾಕ್ರೀ ಶಾರದಾ, ನಗಾಕೂ ಸರ್ಕಾರದ ಅಪ್ಪಣೆ ಬೇಕೇನ್ರೀ?" ಎನ್ನುತ್ತಿದ್ದರು. ಉಡುತಡಿಯ ಹುಡುಗಿಯೊಬ್ಬಳು ತಂದುಕೊಡುತ್ತಿದ್ದ ಹುರಿದ ಶೇಂಗಾ ಅವರ ಸೆರಗಿನ ಗಂಟಿನಲ್ಲಿ ಯಾವಾಗಲೂ ಇರುತ್ತಿತ್ತು. ನನ್ನ ಸಿಟ್ಟಿಗೆ ಅದೇ ಔಷಧ.

ಸಾವಿರದ ಒಂಬೈನೂರ ಐವತ್ತೇಳೋ ಐವತ್ತೆಂಟೋ ಇಸವಿ, ಆ ನಗು ನಿಂತಿತು. ನಿದ್ದೆ ಇಲ್ಲ, ಊಟ ಇಲ್ಲ, ಪಾಠದ ನಡುವೆ ಕಣ್ಣಲ್ಲಿ ನೀರು. ಏನಾಗಿದೆಯೆಂದು ಅವರಿಗೇ ತಿಳಿಯದು. ಅವರ ಅಣ್ಣ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮನೋರೋಗದ ಆಸ್ಪತ್ರೆಗೆ ಸೇರಿಸಿದರು. ಕೆಲವು ತಿಂಗಳ ಮೇಲೆ ಗುಣವಾಗಿ ಬಂದರು. ಪಾಠ ಮಾಡಬಹುದೆಂದು ಡಾಕ್ಟರೇ ಹೇಳಿದ್ದರು.

ಹೆಡ್‌ಮಾಸ್ತರರು ಕೂರಿಸಿ ಮಾತಾಡಿಸಿದರು. "ಬಂದಿದ್ದು ಸಂತೋಷ ಅಕ್ಕೋರೆ. ಆದ್ರ ಸದ್ಯಕ್ಕ ಕ್ಲಾಸು ಬ್ಯಾಡ. ಇಲ್ಲೇ ನನ್ನ ಕಣ್ಮುಂದ ಇರ್ರಿ."

ಹೀಗೆ, ಮಕ್ಕಳಿಲ್ಲದೆ ಒಂದು ಗಳಿಗೆ ಇರಲಾರದ ಹೆಂಗಸು ಆಫೀಸಿನ ಮೂಲೆಯಲ್ಲಿ ಹರಿದ ಭೂಪಟಗಳಿಗೆ ಬಟ್ಟೆ ಅಂಟಿಸುತ್ತ ಕೂತರು. ಕತ್ತರಿಯನ್ನು ಮಾತ್ರ ಅವರ ಕೈಗೆ ಕೊಡುತ್ತಿರಲಿಲ್ಲ. ಬಟ್ಟೆ ಕತ್ತರಿಸಲು ಜವಾನನನ್ನು ಕರೆಯಬೇಕಿತ್ತು.

ಒಂದು ದಿನ ನಾನು ಏನೋ ತಮಾಷೆ ಹೇಳಿದೆ. ಭುಜ ಕುಣಿಯಿತು, ಹೊಟ್ಟೆ ಕುಣಿಯಿತು, ಹಳೆಯ ನಗು ಬಂದೇಬಿಟ್ಟಿತು. ನನಗೋ ಹಬ್ಬ! ಆದರೆ ಕೋಣೆಯಲ್ಲಿದ್ದವರೆಲ್ಲ ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಹೆಡ್‌ಮಾಸ್ತರರು ಜವಾನನ ಕಿವಿಯಲ್ಲಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಅಣ್ಣ ಏದುಸಿರು ಬಿಡುತ್ತ ಬಂದರು.

"ನಂಗೇನಾಗೇತ್ರೀ? ನಕ್ಕೀನಿ ಅಷ್ಟ!" ಎಂದು ಗಿರಿಜಕ್ಕೋರು ಕೂಗಿದರು. ಆ ಸಿಟ್ಟೂ ಕಾಯಿಲೆಯ ಲೆಕ್ಕಕ್ಕೇ ಸೇರಿತು.

ನಾನು ಹೆಡ್‌ಮಾಸ್ತರರ ಜೊತೆ ಜಗಳವಾಡಿದೆ. "ನನ್ನ ಕೈಯಾಗ ಏನೈತ್ರೀ? ನಾಳೆ ಮಕ್ಕಳ ಅಪ್ಪಂದಿರು ಬಂದು ಕೇಳಿದ್ರ ಏನ್ ಹೇಳ್ಲಿ?" ಎಂದರು. ಅವರೇನು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ವರ್ಷ ತಿರುಗುವುದರೊಳಗೆ ಗಿರಿಜಕ್ಕೋರಿಗೆ ಸೊರಬಕ್ಕೆ ವರ್ಗವಾಯಿತು. ಅವರಿಗಿಂತ ಮೊದಲೇ ಸುದ್ದಿ ಬಸ್ಸು ಹತ್ತಿತ್ತು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಮದುವೆಯೊಂದಕ್ಕೆ ಹೋದವಳು ಶಾಲೆ ಹುಡುಕಿಕೊಂಡು ಹೋದೆ. ಇಳಿದುಹೋಗಿದ್ದರು, ಆದರೆ ಎದುರಿಗೆ ಮಕ್ಕಳಿದ್ದರು! "ಕ್ಲಾಸು ಕೊಟ್ಟಾರ್ರೀ ಶಾರದಾ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಪಕ್ಕದ ಕ್ಲಾಸಿನ ಟೀಚರು ಬಾಗಿಲಲ್ಲಿ ಇಣುಕಿ, "ಎಲ್ಲ ಸರಿ ಇದ್ಯಲ್ಲ ಅಕ್ಕೋರೇ?" ಎಂದು ಕೇಳಿ ಹೋದರು.

"ದಿನಾ ಹಿಂಗ," ಎಂದರು ಗಿರಿಜಕ್ಕೋರು ಮೆಲ್ಲಗೆ.

ನಾನು ಹಿಂದೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂತೆ. ಅದೇ ತೋಳದ ಪಾಠ. ಅವರು ಊಳಿಡಲಿಲ್ಲ, ಪುಸ್ತಕದಲ್ಲಿದ್ದಂತೆ ಓದಿದರು. ಮುಂದಿದ್ದ ಪುಟ್ಟ ಹುಡುಗಿಯೊಬ್ಬಳು ತಾನೇ ಎದ್ದು, ಕತ್ತೆತ್ತಿ, "ಊ..." ಎಂದು ಊಳಿಟ್ಟಳು. ಇಡೀ ಕ್ಲಾಸು ಗೊಳ್ಳೆಂದಿತು. ಗಿರಿಜಕ್ಕೋರ ಭುಜ ಒಮ್ಮೆ ಕುಣಿದದ್ದನ್ನು ನಾನು ಕಂಡೆ. ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಾಗಿಲ ಕಡೆ ನೋಡಿ, ಮಕ್ಕಳಿಗೆ ಹೇಳಿದರು:

"ನಗಬ್ಯಾಡ್ರೇ ನನ್ನವ್ವಾ, ಯಾರಾರ ಕೇಳ್ಯಾರು."