ಹವ್ಯಾಸದ ಖಾಲಿ ಜಾಗ

ನನಗೆ ಈಜೆಂದರೆ ಪ್ರೀತಿ, ಚೆಸ್ ಎಂದರೆ ಪ್ರಾಣ, ಗಜಲ್ ಕೇಳದೆ ನನ್ನ ದಿನ ಕಳೆಯುವುದಿಲ್ಲ. ಇದು ನಾನು ಹೇಳಿದ್ದಲ್ಲ; 2007ರಲ್ಲಿ ಆರ್ಕುಟ್‌ನಲ್ಲಿದ್ದ ನನ್ನ ಪ್ರೊಫೈಲ್ ಹೇಳುತ್ತಿದ್ದದ್ದು. ನಿಜ ಹೇಳಬೇಕೆಂದರೆ, ಬಚ್ಚಲಿನ ಹಂಡೆಯ ಆಚೆ ನಾನು ನೀರಿಗೆ ಇಳಿದವಳೇ ಅಲ್ಲ.

ಅದನ್ನು ಬರೆದವರು ವಿದ್ಯಾನಗರದ ಪಂಢರಿನಾಥ ಕಾಕಾ. ತೊಂಬತ್ತರ ದಶಕದಲ್ಲಿ ಅವರದು ಟೈಪಿಂಗ್ ಕ್ಲಾಸು. ಬಿಡುವಾದಾಗ ಮದುವೆಯ ಬಯೋಡಾಟಾ ಟೈಪ್ ಮಾಡಿಕೊಡುತ್ತಿದ್ದರು. ಅದರಲ್ಲಿ ‘ಹವ್ಯಾಸ’ ಎಂಬ ಜಾಗ ಖಾಲಿ ಉಳಿದರೆ ಅವರಿಗೆ ಸಮಾಧಾನವೇ ಇಲ್ಲ. "ಏನೂ ಇಲ್ಲ ಅಂತ ಬರಿಯಾಕ ನನ್ನ ಕೈ ಏಳಂಗಿಲ್ಲವ್ವಾ" ಎನ್ನುತ್ತಿದ್ದರು. ಮುಂದೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದವು, ಬೋರ್ಡಿನ ಮೇಲೆ ಸೈಬರ್ ಕೆಫೆ ಎಂದಾಯಿತು. ಕಾಕಾ ಮಾತ್ರ ಬದಲಾಗಲಿಲ್ಲ. ಗೋಪನಕೊಪ್ಪದಿಂದ ಹೋದ ನಾವು ಹೆಸರು ಹೇಳಿ ಸುಮ್ಮನೆ ಕೂತರೆ ಸಾಕು, ಆರ್ಕುಟ್ ಪ್ರೊಫೈಲಿನ ಉಳಿದದ್ದನ್ನು ಅವರೇ ಇಂಗ್ಲಿಷಿನಲ್ಲಿ ತುಂಬುತ್ತಿದ್ದರು. ಫೋಟೋ ತೆಗೆಯುವಾಗ ತಮ್ಮ ಕಪ್ಪು ಗಾಗಲ್ ಬೇರೆ ಹಾಕಿಸುತ್ತಿದ್ದರು.

ಅದೇ ವರ್ಷ ಸೋದರತ್ತೆ ಒಂದು ಸಂಬಂಧ ತಂದಳು. ಹುಡುಗನ ಹೆಸರು ಫಕೀರೇಶ, ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ. ನೋಡಲು ಬರುವ ಮೊದಲೇ ಆರ್ಕುಟ್‌ನಲ್ಲಿ ನಮ್ಮ ಪರಿಚಯವಾಯಿತು. ಅವರ ಹವ್ಯಾಸವೂ ಈಜು, ಚೆಸ್, ಗಜಲ್! ಅವರದು ನಿಜವೇ ಇರಬೇಕು, ನನ್ನದು ಸುಳ್ಳು ಎಂದು ನನಗೆ ಭಯವಾಯಿತು. ದೇವರು ಕೂಡಿಸಿದ ಜೋಡಿ ಎಂದು ಅತ್ತೆ ಮನೆತುಂಬ ಸಾರಿದಳು. "ದಿನಾ ಚೆಸ್ ಆಡ್ತೀರೇನ್ರಿ?" ಎಂದು ಅವರು ಬರೆದರೆ, "ದಿನಾ ಆಡ್ತೇನ್ರಿ" ಎಂದು ನಾನೂ ಬರೆದೆ. ಮೂರು ತಿಂಗಳು ಹೀಗೇ ನಡೆಯಿತು. ಅವರ ತಮಾಷೆ, ವರ್ಕ್‌ಶಾಪಿನ ಸುದ್ದಿ, ತಾಯಿಯ ಬಗ್ಗೆ ಅವರಿಗಿದ್ದ ಅಕ್ಕರೆ ಎಲ್ಲವೂ ನನಗೆ ಹಿಡಿಸಿದವು. ಮದುವೆಯಾದರೆ ಇವರನ್ನೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಆಗ ಬಂತು ಸುದ್ದಿ: ಭಾನುವಾರ ಹುಡುಗನ ಕಡೆಯವರು ಬರುತ್ತಾರೆ, ಹುಡುಗಿಗೆ ಇಷ್ಟವೆಂದು ಚೆಸ್ ಬೋರ್ಡ್ ತರುತ್ತಾರೆ.

ನಾನು ಅಳುತ್ತಲೇ ಕಾಕಾನ ಹತ್ತಿರ ಓಡಿದೆ. "ಸುಳ್ಳು ಹೇಳೂ ಹುಡುಗಿ ಅಂತ ಎದ್ದು ಹೋದ್ರ ಏನ್ ಮಾಡ್ಲಿ ಕಾಕಾ?"

ಕಾಕಾ ತಲೆ ಕೆರೆದುಕೊಂಡರು. ಆಮೇಲೆ ಕಪಾಟಿನಿಂದ ಹಳೆಯ ಬೋರ್ಡ್ ತೆಗೆದು ಎರಡು ದಿನ ಕೂರಿಸಿ ಕಲಿಸಿದರು. ಆನೆ ನೆಟ್ಟಗೆ, ಒಂಟೆ ಓರೆಯಾಗಿ, ಕುದುರೆ ಎರಡೂವರೆ ಮನೆ. ಕಲಿಸುವಾಗ ಅವರ ಬೆರಳುಗಳಲ್ಲಿ ಒಂದು ಹುರುಪು. ಬಾಯಲ್ಲಿ ಸಣ್ಣಗೆ ಒಂದು ಗಜಲ್.

ಭಾನುವಾರ ಅವಲಕ್ಕಿ, ಚಹಾ ಮುಗಿಯುತ್ತಲೇ ನಮ್ಮ ಅಜ್ಜಿ ರುಕ್ಮವ್ವ, "ಆಡ್ರಿ, ನಾವೂ ನೋಡೋಣು" ಎಂದಳು. ಎರಡೂ ಕಡೆಯವರು ಸುತ್ತ ನೆರೆದರು. ನಾನು ಕಾಯಿ ಜೋಡಿಸಿದೆ. ಫಕೀರೇಶ ನನ್ನ ಕಡೆ ನೋಡಿ ನೋಡಿ ಹಾಗೇ ಜೋಡಿಸಿದರು. ನಾನು ಒಂದು ಕಾಲಾಳು ಸರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ಕುದುರೆಯನ್ನು ನೆಟ್ಟಗೆ ಬೋರ್ಡಿನ ಆ ತುದಿಯಿಂದ ಈ ತುದಿಗೆ ಓಡಿಸಿ ನನ್ನ ರಾಜನ ಮುಂದೆ ನಿಲ್ಲಿಸಿದರು.

"ಭಾರಿ ತಲಿ ಓಡಸ್ಯಾನ" ಎಂದರು ನಮ್ಮ ಅಪ್ಪ.

ಅಯ್ಯೋ, ನನಗಾದ ಸಂತೋಷ ಏನೆಂದು ಹೇಳಲಿ! ನಾನೂ ಬೇಕೆಂದೇ ಆನೆಯನ್ನೆತ್ತಿ ಓರೆಯಾಗಿ ಜಿಗಿಸಿ ಅವರ ಮಂತ್ರಿಯನ್ನು ಹೊಡೆದೆ. ಅವರು ಬೆವರು ಒರೆಸಿಕೊಂಡು, ಬಗ್ಗಿ ಪಿಸುಗುಟ್ಟಿದರು: "ನನಗ ಚೆಸ್ ಬರಂಗಿಲ್ರಿ."

"ನನಗ ಬಂದು ಎರಡ ದಿನಾ ಆತ್ರಿ. ಆನೆ ಓರೆ ಹೋಗಂಗಿಲ್ಲ."

"ಈಜು?"

"ನೀರಂದ್ರ ಅಂಜಿಕಿ."

"ನನಗೂ! ಅದೆಲ್ಲಾ ಪಂಢರಿನಾಥ ಕಾಕಾ ಬರದದ್ರಿ. ಫೋಟೋದಾಗಿನ ಗಾಗಲೂ ಅವರದ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಯಾರು ಗೆದ್ದರೆಂದು ಅಜ್ಜಿ ಕೇಳಿದರೆ, ಫಕೀರೇಶ "ಇಬ್ಬರೂ ಗೆದ್ವಿರಿ, ಅಜ್ಜಿ" ಎಂದರು.

ಮದುವೆಯಾದ ವಾರಕ್ಕೆ ಕಾಕಾನ ಆಶೀರ್ವಾದಕ್ಕೆ ಹೋದೆವು. "ನಿಮ್ಮ ಪ್ರೊಫೈಲ್ ತೋರಸ್ರಿ" ಎಂದು ಕೀಟಲೆ ಮಾಡಿದೆ. ಅವರಿಗೆ ಪ್ರೊಫೈಲೇ ಇರಲಿಲ್ಲ. ಅವರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ನಾನು ಕೂತೆ. ಇವರು ಎದುರು ನಿಂತು ಪ್ರಶ್ನೆ ಕೇಳಿದರು.

"ಹವ್ಯಾಸ ಏನ್ರಿ ಕಾಕಾ?"

"ನಂದೇನೈತೋ ತಮ್ಮಾ" ಎಂದು ಕಾಕಾ ನಾಚಿದರು. ಬಿಡದೆ ಕಾಡಿದ ಮೇಲೆ ಬಾಯಿಬಿಟ್ಟರು. "ಸಣ್ಣಾಂವಿದ್ದಾಗ ಊರ ಬಾವ್ಯಾಗ ದಿನಾ ಈಸು ಬೀಳ್ತಿದ್ದೆ. ಚೆಸ್ಸಿನ್ಯಾಗ ಕಾಲೇಜಿಗೆ ಮೊದಲನೇ ನಂಬರ್ ಬಂದಿದ್ದೆ. ಗಜಲ್ ಅಂತೂ ಇವತ್ತಿಗೂ ಬಿಟ್ಟಿಲ್ಲ."

ಕೀಬೋರ್ಡಿನ ಮೇಲೆ ನನ್ನ ಕೈ ನಿಂತಿತು. ಇಷ್ಟು ವರ್ಷ ಕಂಡಕಂಡವರ ಖಾಲಿ ಜಾಗದಲ್ಲಿ ಅವರು ತುಂಬಿದ್ದು ತಮ್ಮದನ್ನೇ. ನನಗೆ ಕಣ್ಣು ತುಂಬಿ ಬಂತು. ಒಂದೂ ಬಿಡದೆ ಎಲ್ಲವನ್ನೂ ಟೈಪ್ ಮಾಡಿದೆ.

ಕಾಕಾ ಕನ್ನಡಕ ಏರಿಸಿ ಪರದೆಯನ್ನು ಓದಿ, ಬೇಸರದಿಂದ ತಲೆ ಅಲ್ಲಾಡಿಸಿದರು. "ಇದನ್ನ ಯಾರ್ ನಂಬ್ತಾರವಾ? ಊರ ಮಂದೀದೆಲ್ಲಾ ಹಿಂಗ ಐತಿ."

"ನಾವಿಬ್ರು ನಂಬ್ತೇವ್ರಿ" ಎಂದರು ಇವರು. ನಾನು ಸೇವ್ ಬಟನ್ ಒತ್ತಿದೆ.